ರಾಯನ ತೊಡೆಸಂದಿನ ನೋವು

ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದದ್ದು 1520ರ ಸುಮಾರಿಗೆ. ಕೃಷ್ಣದೇವರಾಯ ಆಗ ತಾನೇ ಕಟ್ಟಿಸಿದ ಹೊಸ ಊರಿನಲ್ಲಿದ್ದ. ನಾಗಲಾಪುರವೆಂದು ಹೆಸರು ಪಡೆದ ಆ ಊರೇ ಇವತ್ತಿನ ಹೊಸಪೇಟೆ. ಪೋರ್ಚುಗೀಸರ ತಂಡ ಒಳ್ಳೆಯ ಉಡುಪು ತೊಟ್ಟು ಅಲ್ಲಿಗೇ ಹೋಗಿ ರಾಯನನ್ನು ಕಂಡಿತು. ಪಾಯೆಸ್ ರಾಜನ ಆನೆ ಕುದುರೆಗಳನ್ನಷ್ಟೇ ಎಣಿಸಿ ಸುಮ್ಮನಾಗುವ ಜಾತಿಯವನಲ್ಲ, ಮೈಕಟ್ಟನ್ನೂ ನೋಡುವವನು. ಮಧ್ಯಮ ಎತ್ತರ, ಬಿಳಿಯ ಬಣ್ಣ, ಲಕ್ಷಣವಾದ ಮೈ, ತೆಳುವಿಗಿಂತ ತುಸು ದಪ್ಪವೆನ್ನಬಹುದಾದ ಆಳು. ಮುಖದ ಮೇಲೆ ಸಿಡುಬಿನ ಕಲೆ.

ಆ ಕಲೆ ಬೇರೆ ಎಲ್ಲೂ ಇಲ್ಲ. ತಿರುಮಲೆಯ ದೇವಸ್ಥಾನದಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ಕೈಮುಗಿದು ನಿಂತ ರಾಯನ ಲೋಹದ ಪ್ರತಿಮೆಯ ಕೆನ್ನೆ ಕನ್ನಡಿಯಷ್ಟು ನುಣುಪು. ಆಸ್ಥಾನದ ಯಾವ ಕವಿಯೂ ಸಿಡುಬಿನ ಗುಳಿಗಳನ್ನು ಹೊಗಳುವ ಗೋಜಿಗೆ ಹೋಗಲಿಲ್ಲ. ರಾಯನಿಂದ ದತ್ತಿಯನ್ನಾಗಲಿ ಪದವಿಯನ್ನಾಗಲಿ ಬಯಸದ ಹೊರನಾಡಿನವನೊಬ್ಬ ಕಂಡದ್ದನ್ನು ಕಂಡಂತೆ ಬರೆದುಕೊಂಡ. ಹೀಗಾಗಿ ವಿಜಯನಗರದ ಅತ್ಯಂತ ಹೆಸರಾಂತ ಅರಸನ ವೈದ್ಯಕೀಯ ಕಡತದಲ್ಲಿ ಅನುಮಾನವಿಲ್ಲದೆ ಬರೆಯಬಹುದಾದ ಕಾಯಿಲೆ ಒಂದೇ ಒಂದು: ಎಂದೋ ಬಂದು, ವಾಸಿಯಾಗಿ ಹೋದ ಸಿಡುಬು.

ಅವನನ್ನು ಕೊಂದ ಕಾಯಿಲೆಯ ಸಾಕ್ಷಿ ಬೇರೆಯವನು. ಫೆರ್ನಾವ್ ನೂನಿಜ್ ಎಂಬ ಕುದುರೆ ವ್ಯಾಪಾರಿ 1535ರಿಂದ 1537ರ ಆಸುಪಾಸಿನಲ್ಲಿ, ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ. ಅವನು ಕೊಡುವ ವಿವರ ಹೀಗಿದೆ. ರಾಯ ಬೆಳಗಾವಿಯ ಮೇಲೆ ದಂಡೆತ್ತಿ ಹೋಗಲು ಸಿದ್ಧತೆ ನಡೆಸಿದ್ದ. ಅಷ್ಟರಲ್ಲಿ ತೊಡೆಸಂದಿನಲ್ಲಿ ನೋವು ಕಾಣಿಸಿಕೊಂಡು ಹಾಸಿಗೆ ಹಿಡಿದ. ಅವನ ಹಿರಿಯರೆಲ್ಲ ಸತ್ತದ್ದೂ ಇದೇ ಬೇನೆಯಿಂದ, ಬಿಸ್ನಗದ, ಅಂದರೆ ವಿಜಯನಗರದ, ಅರಸರೆಲ್ಲ ಸಾಯುವುದೇ ಇದರಿಂದ. ಸಾಯುವ ಮುನ್ನ ರಾಯ ಉಯಿಲು ಬರೆಸಿದ. ಮಗನಿಗೆ ಇನ್ನೂ ಹದಿನೆಂಟು ತಿಂಗಳು, ಆದ್ದರಿಂದ ಚಂದ್ರಗಿರಿಯ ಕೋಟೆಯಲ್ಲಿದ್ದ ತಮ್ಮ ಅಚ್ಯುತನಿಗೆ ಪಟ್ಟವಾಗಲಿ ಎಂದ.

ಇಂಥ ಎರಡು ಸಾಲು ಸಿಕ್ಕರೆ ಇವತ್ತಿನ ವೈದ್ಯರಿಗೆ ಕೈ ತುರಿಸುತ್ತದೆ. ಸತ್ತ ಅರಸರ ಕಾಯಿಲೆ ಪತ್ತೆಹಚ್ಚುವುದು ಜಗತ್ತಿನಾದ್ಯಂತ ಈಗ ದೊಡ್ಡ ವಿದ್ಯೆಯಾಗಿ ಬೆಳೆದಿದೆ. ಇಂಗ್ಲೆಂಡಿನ ಮೂರನೆಯ ರಿಚರ್ಡ್ 1485ರಲ್ಲಿ ಕಾಳಗದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ತಲೆಬುರುಡೆಯ ಮೇಲೆ ಏಟುಗಳ ಗುರುತಿತ್ತು, ಸೊಂಟದ ಮೂಳೆಯ ಬಳಿಯ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳೂ ಇದ್ದವು. ಐನೂರು ವರ್ಷದ ಮೇಲೆ ಒಬ್ಬ ರಾಜನ ಹೊಟ್ಟೆಹುಳು ಸುದ್ದಿಯಾಯಿತು.

ಹಂಪಿಯಲ್ಲಿ ಹಾಗೆ ಅಗೆದು ನೋಡಲು ಏನೂ ಇಲ್ಲ. ವಿಜಯನಗರದ ಅರಸರನ್ನು ಸುಡುತ್ತಿದ್ದರು. ಚಿತೆಯ ಬಿಸಿಗೆ ಮೂಳೆ ಬಿರಿದು ಚೂರಾಗುತ್ತದೆ, ಅದರೊಳಗಿನ ಡಿಎನ್‌ಎ ನಾಶವಾಗುತ್ತದೆ. ಉಳಿದ ಅಸ್ಥಿ ನದಿಯ ಪಾಲು. ಆನೆಗೊಂದಿಯ ಬಳಿ ತುಂಗಭದ್ರೆಯೊಳಗಿನ ಅರವತ್ತನಾಲ್ಕು ಕಂಬದ ಮಂಟಪವನ್ನು ಜನ ಕೃಷ್ಣದೇವರಾಯನ ಸಮಾಧಿಯೆಂದೇ ಕರೆಯುತ್ತಾರೆ. ಜಲಾಶಯದಿಂದ ನೀರು ಬಿಟ್ಟು ಮಂಟಪ ಮುಳುಗಿದಾಗಲೆಲ್ಲ ‘ರಾಯನ ಸಮಾಧಿ ಮುಳುಗಡೆ’ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ನೆನಪಿಗೆ ಆ ಕಲ್ಲು ಸಾಕು, ಪ್ರಯೋಗಾಲಯಕ್ಕೆ ಸಾಲದು.

ಈ ಸೀಮೆಯಲ್ಲಿ ಮೂಳೆಗಳೇ ಇಲ್ಲವೆಂದಲ್ಲ. ಕಂಪ್ಲಿಯ ಈಶಾನ್ಯಕ್ಕಿರುವ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಎಂ.ಎಸ್. ನಾಗರಾಜರಾವ್ ಅವರು 1960ರ ದಶಕದ ಮೊದಲ ಭಾಗದಲ್ಲಿ ಉತ್ಖನನ ನಡೆಸಿದರು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಬದುಕಿದ ನವಶಿಲಾಯುಗದ ಜನರ ಅಸ್ಥಿಗಳು ದೊರೆತವು. ಕೆ.ಸಿ. ಮಲ್ಹೋತ್ರ ಅವುಗಳನ್ನು ಅಭ್ಯಾಸ ಮಾಡಿದರು. ಪುಣೆಯ ಡೆಕ್ಕನ್ ಕಾಲೇಜು 1965ರಲ್ಲಿ ಇಬ್ಬರ ಹೆಸರಿನಲ್ಲೂ ಪುಸ್ತಕ ಹೊರತಂದಿತು. ದನ ಕಾಯ್ದು, ಕಲ್ಲುಕೊಡಲಿ ಮಸೆದು ಬಾಳಿದ ಹೆಸರಿಲ್ಲದ ಆ ಜನರ ಹಲ್ಲು, ಬುರುಡೆ, ಕೈಕಾಲಿನ ಮೂಳೆಗಳನ್ನು ಮುಟ್ಟಿ ನೋಡಬಹುದು. ಏಳು ಪ್ರಾಕಾರದ ನಗರವನ್ನಾಳಿದ ಚಕ್ರವರ್ತಿಯದು ಒಂದು ಹಲ್ಲೂ ಇಲ್ಲ.

ರಾಯನ ಕಾಲದ ದೊಡ್ಡವರ ದೇಹ ಮಣ್ಣಿನಲ್ಲಿ ಉಳಿದಿದ್ದರೆ ಅದು ಯತಿಗಳದು, ಸನ್ಯಾಸಿಗಳನ್ನು ಸುಡುವುದಿಲ್ಲವಲ್ಲ. ಆನೆಗೊಂದಿಯ ನಡುಗಡ್ಡೆ ನವಬೃಂದಾವನದಲ್ಲಿ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿವೆ. ನಡುವೆ ಇರುವುದು 1539ರಲ್ಲಿ ತೀರಿಕೊಂಡ ವ್ಯಾಸರಾಯರದು. ರಾಯನಿಗೆ ಒದಗಿದ್ದ ಕುಹೂಯೋಗದ ಗಂಡಾಂತರವನ್ನು ತಪ್ಪಿಸಲು ತಾವೇ ಸಿಂಹಾಸನದ ಮೇಲೆ ಕುಳಿತರೆಂದು ಸಂಪ್ರದಾಯ ಹೇಳುವುದು ಇವರನ್ನೇ. 2019ರ ಜುಲೈನಲ್ಲಿ ನಿಧಿಗಳ್ಳರು ರಾತ್ರೋರಾತ್ರಿ ಆ ಬೃಂದಾವನವನ್ನು ಒಡೆದರು. ಭಕ್ತರು, ಮಠಾಧೀಶರು ಧಾವಿಸಿ ಬಂದು ಕೂಡಲೇ ಮರಳಿ ಕಟ್ಟಿದರು. ನಾಡಿಗೆ ನಾಡೇ ಅಂದು ನೊಂದುಕೊಂಡಿತು. ವಿಜ್ಞಾನದ ಹೆಸರಿನಲ್ಲಿ ಅಲ್ಲಿ ಹಾರೆ ಹಾಕುವ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತಲೂಬಾರದು.

ಹಾಗಾದರೆ ಉಳಿಯುವುದು ಕಾಗದ ಮತ್ತು ಕಲ್ಲು. ರೋಗಿಯನ್ನು ಪರೀಕ್ಷಿಸುವ ದಾರಿ ಮುಚ್ಚಿರುವಾಗ ಸಾಕ್ಷಿಯನ್ನು ಪರೀಕ್ಷಿಸಬೇಕು. ನೂನಿಜ್‌ನ ಮಾತು ಎಷ್ಟು ಗಟ್ಟಿ? ಅದನ್ನು ತೂಗಿ ನೋಡಲು ಅವನದೇ ಇನ್ನೊಂದು ಪ್ರಕರಣವಿದೆ.

ಸಂಗಮ ವಂಶದ ಎರಡನೆಯ ದೇವರಾಯನ ಮೇಲೆ ಕೊಲೆಯ ಯತ್ನ ನಡೆಯಿತು. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದವನು. ತಾನು ಕಲ್ಲಿಕೋಟೆಯಲ್ಲಿದ್ದಾಗ ಇದು ನಡೆಯಿತೆಂದು ಅವನು ಬರೆಯುತ್ತಾನೆ. ರಾಜನ ಸೋದರ ಹೊಸ ಮನೆ ಕಟ್ಟಿಸಿ, ಔತಣದ ನೆಪದಲ್ಲಿ ಗಣ್ಯರನ್ನು ಕರೆಸಿ, ನಗಾರಿಯ ಸದ್ದಿನ ಮರೆಯಲ್ಲಿ ಒಬ್ಬೊಬ್ಬರನ್ನೇ ಮುಗಿಸಿದ. ಬಳಿಕ ಅರಮನೆಗೆ ಹೋಗಿ ರಾಜನಿಗೇ ಇರಿದ. ದೇವರಾಯ ಗಾಯಗೊಂಡು ಬಿದ್ದರೂ ಬದುಕಿಕೊಂಡ. ಆಮೇಲೆ ರಜಾಕ್ ಅದೇ ರಾಜನೆದುರು ಕುಳಿತು ಮಾತಾಡಿದ್ದಾನೆ, ಕೊಟ್ಟ ವೀಳ್ಯ ಮೆದ್ದಿದ್ದಾನೆ.

ಸುಮಾರು ತೊಂಬತ್ತು ವರ್ಷದ ನಂತರ ನೂನಿಜ್ ಕೇಳಿ ಬರೆದುಕೊಂಡ ಕತೆಯಲ್ಲಿ ಇರಿದವನು ರಾಜನ ಸೋದರಳಿಯ, ಕಠಾರಿಗೆ ವಿಷ ಸವರಿತ್ತು, ರಾಜ ಆರು ತಿಂಗಳಲ್ಲಿ ಆ ಗಾಯದಿಂದಲೇ ಸತ್ತ. ರಾಜನ ಹೆಸರನ್ನೂ ಅವನು ಪಿನರಾಯ ಎನ್ನುತ್ತಾನೆ. ಎರಡೂ ಒಂದೇ ಘಟನೆಯ ನೆನಪಿರಬೇಕೆಂದು ಇತಿಹಾಸಕಾರರು ಊಹಿಸಿದ್ದಾರೆ. ಶ್ರವಣಬೆಳಗೊಳದ ಶಾಸನಗಳು ದೇವರಾಯ ತೀರಿಕೊಂಡ ದಿನವನ್ನು ಕೊಡುತ್ತವೆ: ಕ್ಷಯ ಸಂವತ್ಸರದ ವೈಶಾಖ ಬಹುಳ ಚತುರ್ದಶಿ, ಮಂಗಳವಾರ. ಅಂದರೆ 1446ರ ಮೇ 24. ಇರಿತಕ್ಕೂ ಸಾವಿಗೂ ನಡುವೆ ಮೂರು ವರ್ಷವಿದೆ. ಆರು ತಿಂಗಳು ಕಾಡಿ ಕೊಲ್ಲುವ ವಿಷದ ಕಠಾರಿ ಜನರ ಬಾಯಲ್ಲಿ ಹುಟ್ಟಿಕೊಂಡದ್ದು.

ಅದು ಹುಟ್ಟಲು ನೆಲವೂ ಹದವಾಗಿತ್ತೆನ್ನಿ. ವಿಷವೈದ್ಯದ ಬಗ್ಗೆ ಕನ್ನಡದಲ್ಲೇ ಒಂದು ಇಡೀ ಗ್ರಂಥವಿತ್ತು: ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’. ವಿಷವೆಂಬುದು ಆ ಕಾಲದವರಿಗೆ ದಿನಬಳಕೆಯ ಭಯ. ಅರಮನೆಯಲ್ಲಿ ಯಾರೇ ಅಕಾಲದಲ್ಲಿ ಸತ್ತರೂ ಮೊದಲು ಮೂಸಿ ನೋಡುತ್ತಿದ್ದುದು ಅಡುಗೆಮನೆಯನ್ನು.

ಕೃಷ್ಣದೇವರಾಯನ ಮನೆಯಲ್ಲೂ ಹಾಗೇ ಆಯಿತು. ನೂನಿಜ್ ಪ್ರಕಾರ ರಾಯ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಈ ತಿರುಮಲನ ಹೆಸರಿನ ಶಾಸನಗಳು 1524ರಿಂದ ಸಿಗುತ್ತವೆ. ಎಂಟು ತಿಂಗಳು ನಡೆದ ಸಂಭ್ರಮದ ನಡುವೆಯೇ ಹುಡುಗ ಕಾಯಿಲೆ ಬಿದ್ದು ಸತ್ತ. ಮಹಾಮಂತ್ರಿ ಸಾಳುವ ತಿಮ್ಮರಸನ ಮಗ ವಿಷವಿಕ್ಕಿದನೆಂದು ಆಮೇಲೆ ರಾಯನಿಗೆ ಗೊತ್ತಾಯಿತಂತೆ. ತಿಮ್ಮರಸನ ಕುಟುಂಬ ಸೆರೆ ಸೇರಿತು, ಕಣ್ಣು ಕಳೆದುಕೊಂಡಿತು. ವಿವರವನ್ನು ನಿಧಾನವಾಗಿ ಓದಿದರೆ, ಕಾಯಿಲೆ ಮೊದಲು, ಸಾವು ಆಮೇಲೆ, ವಿಷದ ಸುದ್ದಿ ಕಟ್ಟಕಡೆಗೆ. ಆರು ವರ್ಷದ ಮಕ್ಕಳು ಸಿಡುಬಿಗೆ, ದಡಾರಕ್ಕೆ, ಭೇದಿಗೆ ಸಾಯುತ್ತಿದ್ದ ಕಾಲ ಅದು. ಸ್ವತಃ ರಾಯನ ಮುಖದ ಮೇಲೇ ಅಂಥದೊಂದರ ಗುರುತಿತ್ತು.

ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ 1601ರಲ್ಲಿ ಪ್ರಾಗ್ ನಗರದಲ್ಲಿ ಸತ್ತಾಗಲೂ ವಿಷದ ಗುಮಾನಿ ಎದ್ದಿತ್ತು. ಔತಣವೊಂದರ ಬಳಿಕ ಮೂತ್ರ ಕಟ್ಟಿ, ಹನ್ನೊಂದು ದಿನ ನರಳಿ ತೀರಿಕೊಂಡ. ವಿಷವಿಕ್ಕಿ ಕೊಂದರೆಂಬ ಮಾತು ನಾನೂರು ವರ್ಷ ಬದುಕಿತು, ಕೊನೆಗೆ ಬೆರಳು ಪಾದರಸದ ಕಡೆ ತಿರುಗಿತು. 2010ರಲ್ಲಿ ಗೋರಿ ತೆರೆದು ಗಡ್ಡದ ಕೂದಲನ್ನೂ ಮೂಳೆಯನ್ನೂ ಪರೀಕ್ಷಿಸಿದರು, 2012ರಲ್ಲಿ ಫಲಿತಾಂಶ ಬಂತು: ಕೊಲ್ಲುವಷ್ಟು ಪಾದರಸ ದೇಹದಲ್ಲಿ ಇರಲಿಲ್ಲ. ಪ್ರಾಗಿನ ಆರೋಪಿಗಳ ಹೆಸರು ಹೀಗೆ ಚೊಕ್ಕವಾಯಿತು. ತಿಮ್ಮರಸನ ಮಗನಿಗೆ ಆ ಅವಕಾಶವಿಲ್ಲ. ಕಠಾರಿಯ ವಿಷದ ವಿಷಯದಲ್ಲಿ ನೂನಿಜ್ ಎಡವಿದ್ದನ್ನು ಕಂಡ ಮೇಲೆ ಈ ವಿಷದ ಕತೆಯನ್ನೂ ಅರ್ಧಕ್ಕಿಂತ ಕಡಿಮೆ ಬೆಲೆಗೇ ಕೊಳ್ಳುವುದು ಲೇಸು.

ಈಗ ತೊಡೆಸಂದು. ಇಲ್ಲಿ ನೂನಿಜ್‌ನ ಸ್ಥಿತಿ ಸ್ವಲ್ಪ ಮೇಲು, ಯಾಕೆಂದರೆ ಅವನು ಊರಿಗೆ ಬರುವಾಗ ರಾಯ ಸತ್ತು ಹತ್ತು ವರ್ಷವೂ ಆಗಿರಲಿಲ್ಲ, ಕಂಡವರು ಬೇಕಾದಷ್ಟು ಜನ ಬದುಕಿದ್ದರು. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಗೋಪಾಲಕೃಷ್ಣ ದೇವಾಲಯದ ಬಳಿಯ ಕನ್ನಡ ಶಾಸನವೊಂದು 2021ರಲ್ಲಿ ಸುದ್ದಿಯಾಯಿತು. ರಾಯ ತೀರಿಕೊಂಡದ್ದು 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣದ ದಿನ ಎಂಬುದು ಅದರಿಂದ ತಿಳಿಯಿತು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಪಾಯೆಸ್ ಮತ್ತು ನೂನಿಜ್‌ರ ಬರಹಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಇಂಥ ನಿಖರ ದಿನ ಅವನ ಕೈಯಲ್ಲಿರಲಿಲ್ಲ. ಪಟ್ಟಕ್ಕೆ ಬಂದ 1509ರಲ್ಲಿ ರಾಯನಿಗೆ ಇಪ್ಪತ್ತು ದಾಟಿತ್ತೆಂದು ನೂನಿಜ್ ಹೇಳುವುದನ್ನು ಒಪ್ಪಿದರೆ ಸಾಯುವಾಗ ನಲವತ್ತರ ಮೇಲೆ. ನಲವತ್ತು ದಾಟಿದ, ದಂಡಿಗೆ ಹೊರಡುವಷ್ಟು ಗಟ್ಟಿಮುಟ್ಟಾದ ಗಂಡಸು, ಇದ್ದಕ್ಕಿದ್ದಂತೆ ತೊಡೆಸಂದಿನಲ್ಲಿ ನೋವು, ಉಯಿಲು ಬರೆಸುವಷ್ಟು ಪ್ರಜ್ಞೆ ಮತ್ತು ಸಮಯ, ಆಮೇಲೆ ಸಾವು.

ಪ್ಲೇಗಿನ ಗಡ್ಡೆ ತೊಡೆಸಂದಿನಲ್ಲೇ ಏಳುತ್ತದೆ. ಪ್ಲೇಗ್ ಆದರೆ ರಾಜನೊಬ್ಬನನ್ನೇ ಹಿಡಿಯುವುದಿಲ್ಲ, ಊರಿಗೆ ಊರೇ ಖಾಲಿಯಾಗಬೇಕಿತ್ತು. ನೂನಿಜ್ ಅಂಥ ಮಾತಾಡುವುದಿಲ್ಲ. ಪರಂಗಿ ಹುಣ್ಣು? ಪೋರ್ಚುಗೀಸರ ಹಡಗುಗಳ ಜತೆ ಅದು ಭಾರತಕ್ಕೆ ಬಂದಾಗಿತ್ತು, ಅದರಲ್ಲೂ ಸಂದಿನಲ್ಲಿ ಗಂಟು ಕಟ್ಟುತ್ತದೆ. ಅದು ವರ್ಷಗಟ್ಟಲೆ ಕೊರೆಯುವ ರೋಗ, ಹಾಸಿಗೆಗೆ ಬಿದ್ದ ಕೂಡಲೇ ಮುಗಿಸುವುದಲ್ಲ. ಮೇಲಾಗಿ ಹಿರಿಯರೆಲ್ಲರ ಬೇನೆ ಎನ್ನಲು ಅದರ ವಯಸ್ಸು ಸಾಲದು. ಆನೆಕಾಲು ರೋಗ ಕರಾವಳಿಯದು. ವಂಶದ ಹೆಸರು ತುಳುವ ಎಂದಿರುವುದರಿಂದ ಅತ್ತ ಮನಸ್ಸು ಎಳೆಯುತ್ತದೆ, ಆದರೆ ಅದು ಸೊಳ್ಳೆ ಹರಡುವ ಕಾಯಿಲೆ, ವಂಶದ ಹೆಸರಿನ ಜತೆ ಬರುವುದಲ್ಲ.

ಮೂತ್ರಕಲ್ಲಿನ ವಾದ ಬಲವಾಗಿದೆ. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು ಅದರ ಗುರುತು. ಬಳ್ಳಾರಿ ಸೀಮೆಯ ಬಿಸಿಲಲ್ಲಿ ಬೆವರು ಹರಿದು ಮೂತ್ರ ಗಟ್ಟಿಯಾದರೆ ಕಲ್ಲು ಕಟ್ಟುತ್ತದೆ. ನಮ್ಮ ವೈದ್ಯರಿಗೂ ಅದು ಹೊಸದಲ್ಲ: ಅಶ್ಮರಿಯನ್ನು ಶಸ್ತ್ರದಿಂದ ತೆಗೆಯುವ ಕ್ರಮ ಸುಶ್ರುತನಲ್ಲೇ ಇದೆ. ಕಲ್ಲು ಪ್ರಾಣ ಹಿಂಡುತ್ತದೆ, ನಿಜ. ಆದರೆ ಪ್ರಾಣ ತೆಗೆಯುವುದು ಹೆಚ್ಚಾಗಿ ಮೂತ್ರಕೋಶಕ್ಕೋ ಮೂತ್ರಪಿಂಡಕ್ಕೋ ಕೀವು ಏರಿದಾಗ.

ಇನ್ನು ಹರ್ನಿಯಾ. ಇದಕ್ಕೆ ಪಾಯೆಸ್ ತನಗರಿವಿಲ್ಲದೆಯೇ ಸಾಕ್ಷಿ ನುಡಿದಿದ್ದಾನೆ. ರಾಯ ಬೆಳಕು ಹರಿಯುವ ಮೊದಲೇ ಎದ್ದು ಮುಕ್ಕಾಲು ಪಿಂಟಿನ ಆಸುಪಾಸು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡುಬಟ್ಟೆ ಬಿಗಿದು ಮಣ್ಣಿನಿಂದ ಮಾಡಿದ ಭಾರಿ ತೂಕಗಳನ್ನು ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿವರಸೆ, ಬಳಿಕ ಜಟ್ಟಿಯೊಬ್ಬನ ಜತೆ ಕುಸ್ತಿ, ಆಮೇಲೆ ಕುದುರೆಯೇರಿ ಬಯಲಿನಲ್ಲಿ ಓಟ. ಇದೆಲ್ಲ ಸೂರ್ಯೋದಯಕ್ಕೆ ಮುನ್ನ. ಹೊಟ್ಟೆಯ ಗೋಡೆ ಸಂದಿನಲ್ಲಿ ದುರ್ಬಲವಾಗಿರುವ ಗಂಡಸಿಗೆ ದಿನವೂ ಭಾರ ಎತ್ತುವುದು ಅಪಾಯವೆಂದು ಇಂದಿನ ಯಾವ ಸರ್ಜನ್ನನಾದರೂ ಎಚ್ಚರಿಸುತ್ತಾನೆ. ಕರುಳು ಸಂದಿಗೆ ಜಾರಿ, ಸಿಕ್ಕಿಕೊಂಡು, ರಕ್ತ ಓಡಾಟ ನಿಂತರೆ ಆಪರೇಷನ್ ಇಲ್ಲದ ಕಾಲದಲ್ಲಿ ಕೆಲವೇ ದಿನಗಳ ಆಟ. ರೋಗಿಗೆ ಎಚ್ಚರವಿರುತ್ತದೆ, ಉಯಿಲು ಬರೆಸಬಹುದು.

ಪಣ ಕಟ್ಟಲೇಬೇಕೆಂದರೆ ಈ ಕೊನೆಯದರ ಮೇಲೆ ಕಟ್ಟಬಹುದು. ಎಲ್ಲ ಅರಸರೂ ಇದರಿಂದಲೇ ಸಾಯುತ್ತಾರೆಂಬ ಮಾತು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ನೂನಿಜ್ ಬರೆಯುವ ಹೊತ್ತಿಗೆ ಸಿಂಹಾಸನದ ಮೇಲೆ ಸಂಗಮರು, ಸಾಳುವರು, ತುಳುವರು ಎಂದು ಮೂರು ವಂಶಗಳು ಕುಳಿತಾಗಿತ್ತು. ರಕ್ತಸಂಬಂಧವೇ ಇಲ್ಲದ ಮನೆತನಗಳಿಗೆ ವಂಶಪಾರಂಪರ್ಯದ ರೋಗ ಎಲ್ಲಿಂದ ಬರಬೇಕು? ಅರಸರೆಲ್ಲರಿಗೂ ಸಾಮಾನ್ಯವಾಗಿದ್ದದ್ದು ಗರಡಿ, ಕುದುರೆ ಮತ್ತು ಬಿಸಿಲು. ಅಷ್ಟರಿಂದಲೇ ಒಂದು ಊರಿನ ರಾಜರಿಗೆಲ್ಲ ಒಂದೇ ಸಾವು ಬಂದೀತೆ? ಕಠಾರಿ ತಗುಲಿ ಸತ್ತ ಅರಸನ ಕತೆಯನ್ನು ತಾನೇ ಹೇಳಿದ ನೂನಿಜ್ ಕೆಲವು ಪುಟಗಳ ನಂತರ ಎಲ್ಲರನ್ನೂ ತೊಡೆಸಂದಿನ ನೋವಿಗೆ ಒಪ್ಪಿಸಿಬಿಡುತ್ತಾನೆ! ಪೇಟೆಯಲ್ಲಿ ಕೇಳಿದ್ದನ್ನು ಹಾಗೇ ಬರೆದನೆಂದು ಇಲ್ಲೇ ಗೊತ್ತಾಗುತ್ತದೆ.

ರಾಯನ ಅಸ್ಥಿ ಸಿಕ್ಕಿದ್ದರೂ ಈ ವ್ಯಾಜ್ಯ ತೀರುತ್ತಿತ್ತೆಂದು ಹೇಳುವಂತಿಲ್ಲ. ಹರ್ನಿಯಾ ಮೂಳೆಯ ಮೇಲೆ ಗುರುತು ಬಿಡುವುದಿಲ್ಲ. ಮೂತ್ರಕಲ್ಲು ಗೋರಿಯಲ್ಲಿ ಉಳಿಯಬಲ್ಲದು. ಈಜಿಪ್ಟಿನ ಎಲ್ ಅಮ್ರಾದಲ್ಲಿ ಸಾವಿರಾರು ವರ್ಷದ ಹಿಂದಿನ ಹುಡುಗನೊಬ್ಬನ ಸೊಂಟದ ಮೂಳೆಗಳ ನಡುವೆ ಅಂಥದೊಂದು ಸಿಕ್ಕಿತ್ತು. ವಿಚಿತ್ರವೆಂದರೆ ಸಿಡುಬು, ಅದೂ ಬಾಲ್ಯದಲ್ಲಿ ಬಂದದ್ದಾದರೆ, ಕೆಲವೊಮ್ಮೆ ಮೊಣಕೈಯ ಗಂಟನ್ನು ಕೆಡಿಸಿ ಹೋಗುತ್ತದೆ. ಕೊಂದ ರೋಗ ಗುರುತು ಬಿಡದೆ, ಕೊಲ್ಲದ ರೋಗ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಮೂಳೆ ಇದ್ದೂ ಕೆಲಸಕ್ಕೆ ಬಾರದ ಉದಾಹರಣೆ ಇದೇ ಸೀಮೆಯ ಸಂಡೂರಿನ ಇತಿಹಾಸದಲ್ಲೇ ಇದೆ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ ಸೇರಿದ ದತ್ತ ಮಂಡಲದ ಕಲೆಕ್ಟರಾಗಿದ್ದವನು. 1817ರಲ್ಲಿ ಪೇಶ್ವೆಯ ಪರವಾಗಿ ಸಂಡೂರಿನ ಮೇಲೆ ನಡೆದು ಘೋರ್ಪಡೆ ಮನೆತನದ ಶಿವರಾಯನಿಂದ ಕೋಟೆ ಪಡೆದವನೂ ಅವನೇ; ಮರುವರ್ಷ ಜಹಗೀರು ಶಿವರಾಯನಿಗೆ ಮರಳಿತು. ಮದರಾಸಿನ ಗವರ್ನರಾಗಿ, ಊರಿಗೆ ಹಡಗು ಹತ್ತುವ ಮುನ್ನ ಹಳೆಯ ಸೀಮೆಯನ್ನು ಕಡೆಯ ಬಾರಿ ನೋಡಿ ಹೋಗಲು ಬಂದ. 1827ರ ಜುಲೈ 6ರ ಬೆಳಿಗ್ಗೆ ಪತ್ತಿಕೊಂಡದಲ್ಲಿ ವಾಂತಿಭೇದಿ ಹಿಡಿಯಿತು, ಅಂದೇ ರಾತ್ರಿ ಪ್ರಾಣ ಹೋಯಿತು. ಗುತ್ತಿಯಲ್ಲಿ ಹೂಳಿದರು, 1831ರಲ್ಲಿ ಅಸ್ಥಿಯನ್ನು ಮದರಾಸಿನ ಕೋಟೆಯ ಚರ್ಚಿಗೆ ಸಾಗಿಸಿದರು. ಕಾಲರಾ ಮೂಳೆಯನ್ನು ಮುಟ್ಟುವುದೇ ಇಲ್ಲ. ಮನ್ರೋ ಯಾವುದರಿಂದ ಸತ್ತನೆಂದು ಗೊತ್ತಿರುವುದು ಪಕ್ಕದಲ್ಲಿದ್ದವರು ಅವತ್ತೇ ಬರೆದಿಟ್ಟದ್ದರಿಂದ.

ಈ ಸೀಮೆಯ ಎರಡು ತಲೆಗಳ ಮಾತು ಬಾಕಿಯಿದೆ. ಕಂಪ್ಲಿಯ ಅರಸನ ಮಗ ಕುಮಾರರಾಮ 1327ರ ಸುಮಾರಿಗೆ ದಿಲ್ಲಿಯ ಸೇನೆಯೊಂದಿಗೆ ಕಾದಿ ಸತ್ತ. ಅವನ ತಲೆಯನ್ನು ದಿಲ್ಲಿಗೆ ಒಯ್ದರೆಂದು ಕಾವ್ಯಗಳೂ ಹಾಡುಗಳೂ ಹೇಳುತ್ತವೆ. ಅದು ಹಾಡಿನಲ್ಲೇ ಉಳಿದ ತಲೆ. ಇನ್ನೊಂದು ಅಳಿಯ ರಾಮರಾಯನದು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ಸೆರೆಸಿಕ್ಕ ಅವನ ತಲೆಯನ್ನು ಅಹಮದ್‌ನಗರದ ಸುಲ್ತಾನನೆದುರು ಕಡಿದರು. ಫರಿಷ್ತಾನ ಇತಿಹಾಸವನ್ನು ಅನುವಾದಿಸಿ 1829ರಲ್ಲಿ ಪ್ರಕಟಿಸಿದ ಜಾನ್ ಬ್ರಿಗ್ಸ್ ಒಂದು ವಿಲಕ್ಷಣ ಟಿಪ್ಪಣಿ ಸೇರಿಸಿದ್ದಾನೆ. ಅಹಮದ್‌ನಗರದಲ್ಲಿ ಆ ನಿಜವಾದ ತಲೆಗೆ ಎಣ್ಣೆ, ಕೆಂಪು ಬಣ್ಣ ಬಳಿದು ಯುದ್ಧದ ವಾರ್ಷಿಕ ದಿನದಂದು ಜನರಿಗೆ ತೋರಿಸುತ್ತಾರೆ, ಕಡಿದವನ ಮನೆತನದವರು 254 ವರ್ಷಗಳಿಂದ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ವಿಜಯನಗರವನ್ನಾಳಿದವರಲ್ಲಿ ಒಬ್ಬನ ಅಸ್ಥಿ ಉಳಿದಿತ್ತೆಂದು ಹೇಳುವ ಬರಹ ಇದು, ಅಪರೂಪದ್ದು. ಅಂಥದರಿಂದ ಏನು ಮಾಡಬಹುದೆಂಬುದಕ್ಕೆ ಹಳೆಯ ಗೋವೆಯೇ ಮಾದರಿ. ಜಾರ್ಜಿಯಾದ ರಾಣಿ ಕೆತೆವಾನ್ 1624ರಲ್ಲಿ ಪರ್ಷಿಯಾದಲ್ಲಿ ಕೊಲೆಯಾದಳು, ಅವಳ ಅಸ್ಥಿಯ ಭಾಗವನ್ನು ಪಾದ್ರಿಗಳು ಗೋವೆಗೆ ತಂದರು. ಸಂತ ಅಗಸ್ಟೀನ್ ಚರ್ಚಿನ ಅವಶೇಷಗಳಲ್ಲಿ ಸಿಕ್ಕ ಮೂಳೆಯನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಪರೀಕ್ಷಿಸಿತು. ಸಾವಿರಾರು ಭಾರತೀಯರ ಮಾದರಿಗಳಲ್ಲಿ ಕಾಣದ, ಜಾರ್ಜಿಯಾದವರಲ್ಲಿ ಸಿಗುವ ತಾಯಿಸಾಲಿನ ಗುರುತು ಅದರಲ್ಲಿತ್ತು. 2021ರಲ್ಲಿ ಭಾರತ ಆ ಅಸ್ಥಿಯ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು.

ರಾಮರಾಯನದೆನ್ನುವ ಬುರುಡೆಯೊಂದು ಅಂಥ ಪ್ರಯೋಗಾಲಯದ ಮೇಜಿಗೆ ಬಂದರೆ ಕೇಳಬೇಕಾದ ಪ್ರಶ್ನೆಗಳು ಸಿದ್ಧವಾಗಿವೆ. ಪೋರ್ಚುಗೀಸ್ ಚರಿತ್ರೆಕಾರ ಕೂಟೊ ಅವನಿಗೆ ಆಗ ತೊಂಬತ್ತಾರು ವರ್ಷವೆಂದೂ, ಮೂವತ್ತರವನ ಕೆಚ್ಚಿತ್ತೆಂದೂ ಬರೆದಿದ್ದಾನೆ. ಬುರುಡೆಯ ಹೊಲಿಗೆಗಳೂ ಹಲ್ಲಿನ ಸವೆತವೂ ಅರುವತ್ತರ ನಂತರದ ವಯಸ್ಸನ್ನು ಕರಾರುವಾಕ್ಕಾಗಿ ಹೇಳಲಾರವು, ಆದರೆ ನಲವತ್ತರ ಸೈನಿಕನ ತಲೆಯನ್ನು ಮುದುಕನದೆಂದು ಮಾರಿದ್ದರೆ ಹಿಡಿದುಕೊಡುತ್ತವೆ. ಆನೆಗೊಂದಿಯಲ್ಲಿ ರಾಮರಾಯನ ಅರವೀಡು ವಂಶದವರೆಂದು ಹೇಳಿಕೊಳ್ಳುವ ರಾಜಮನೆತನ ಇಂದಿಗೂ ಇದೆ, ಗಂಡುಸಾಲಿನ ಡಿಎನ್‌ಎ ಹೋಲಿಸಿ ನೋಡಬಹುದು. ಕತ್ತು ಕಡಿದ ಗುರುತು ಬುರುಡೆಯ ತಳದಲ್ಲೋ ದವಡೆಯಲ್ಲೋ ಇರಬಹುದು. ಇಷ್ಟನ್ನೂ ಕೇಳುವ ಮೊದಲು, ವರ್ಷಕ್ಕೊಮ್ಮೆ ಜನ ಸೇರಿಸಿ ಅದನ್ನು ತೋರಿಸುತ್ತಿದ್ದ ಮನೆಯವರಿಗೆ ಆ ಪ್ರದರ್ಶನದಿಂದ ಏನು ಸಿಗುತ್ತಿತ್ತು ಎಂದು ವಿಚಾರಿಸಬೇಕಾಗುತ್ತದೆ.